ಅಕ್ಕನ ತೋಟದ ಮೇಲೆ ಹಾದ ಲೈನು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ನೌಕರರ ಸಂಘದ ಹಿರಿಯರಾದ ಲಕ್ಷ್ಮೀನರಸಿಂಹಯ್ಯನವರೇ, ಮುಖ್ಯ ಅತಿಥಿಗಳಾಗಿ ಬೆಂಗಳೂರಿನಿಂದ ಬಂದಿರುವ, ಹಲವು ವರ್ಷ ನನ್ನನ್ನು ಸಹಿಸಿಕೊಂಡ ಮೇಲಧಿಕಾರಿಗಳಾದ ಅನಂತಕೃಷ್ಣ ಅವರೇ, ತುಮಕೂರು, ಗುಬ್ಬಿ, ಕುಣಿಗಲ್‌ಗಳಿಂದ ಕೆಲಸ ಮುಗಿಸಿಕೊಂಡು, ಕೆಲವರು ಕೆಲಸ ಬಿಟ್ಟೂ ಬಂದಿರುವ ಸಹೋದ್ಯೋಗಿಗಳೇ, ಲೈನ್‌ಮನ್ ಬಂಧುಗಳೇ, ಆತ್ಮೀಯ ಸಭಿಕರೇ,

ನನ್ನ ಬಗ್ಗೆ ಇಷ್ಟೊಂದು ಒಳ್ಳೆಯ ಮಾತು ಕೇಳಬೇಕಾದರೆ ನಿವೃತ್ತನಾಗಬೇಕು ಎಂದು ಗೊತ್ತಿದ್ದರೆ ಮೊದಲೇ ಆಗುತ್ತಿದ್ದೆ. ಇನ್ನೊಂದು ಮಾತು. ಈ ಭಾಷಣದ ನಡುವೆ ಕರೆಂಟು ಹೋದರೆ ದಯವಿಟ್ಟು ನನ್ನನ್ನು ಬೈಯಬೇಡಿ. ಇವತ್ತು ಸಂಜೆಯಿಂದ ನಾನು ಇಲಾಖೆಯವನಲ್ಲ. ನಿಮ್ಮ ಹಾಗೆ ನಾನೂ ಬೈಯುವವರ ಸಾಲಿಗೆ ಸೇರಿದ್ದೇನೆ.

ಸನ್ಮಾನ ಪತ್ರದಲ್ಲಿ ಒಂದು ಸಾಲು ಓದಿದರು. 'ಕೃತಕ ಬುದ್ಧಿಮತ್ತೆಯನ್ನು ಬಳಸಿ ನಮ್ಮ ಜಿಲ್ಲೆಯಲ್ಲಿ ಹಸಿರು ವಿದ್ಯುತ್ತಿಗೆ ದಾರಿ ಮಾಡಿದ ಎಂಜಿನಿಯರ್ ಶ್ರೀ ನಾಗೇಶ್.' ನೀವು ಚಪ್ಪಾಳೆ ತಟ್ಟಿದಿರಿ. ನಾನು ತಲೆ ತಗ್ಗಿಸಿದೆ. ವಿನಯದಿಂದ ಎಂದು ನೀವು ತಿಳಿದುಕೊಂಡಿರಬಹುದು. ವಿನಯವಲ್ಲ. ಆ ದಾರಿ ಯಾರ ತೋಟದ ಮೇಲೆ ಹೋಯಿತು ಎಂಬುದು ಆ ಸಾಲಿನಲ್ಲಿ ಇಲ್ಲವಲ್ಲ ಎಂದು. ಅದನ್ನು ಹೇಳದೆ ಈ ಶಾಲು ಹೊದ್ದುಕೊಂಡು ಮನೆಗೆ ಹೋಗಲು ನನಗೆ ಮನಸ್ಸಿಲ್ಲ.

ಉತ್ತರದ ಬಯಲಿನಲ್ಲಿ ತಯಾರಾಗುವ ಸೋಲಾರ್ ಕರೆಂಟನ್ನು ಗುಬ್ಬಿ ತಾಲ್ಲೂಕಿನ ಮೇಲೆ ಹಾಯಿಸಿ ಕುಣಿಗಲ್ ಕಡೆಯ ಸಬ್‌ಸ್ಟೇಷನ್ನಿಗೆ ತರುವ ದೊಡ್ಡ ಲೈನಿನ ಕೆಲಸ ನಮಗೆ ಬಂದಾಗ, ದಾರಿ ಗುರುತಿಸಲು ಮೊದಲಿನಂತೆ ಹೊಲ ಹೊಲ ಅಲೆಯುವ ಅಗತ್ಯವಿಲ್ಲ ಎಂದರು. ಉಪಗ್ರಹದ ಚಿತ್ರ, ಪಹಣಿ ದಾಖಲೆ, ಕಾಡಿನ ನಕ್ಷೆ, ಎಲ್ಲವನ್ನೂ ಒಟ್ಟಿಗೆ ನೋಡಿ ದಾರಿ ತೋರಿಸುವ ಎ.ಐ. ಪ್ರೋಗ್ರಾಂ ಬಂತು. ಅದನ್ನು ನಡೆಸಲು ಸಿಂಚನಾ ಬಂದರು. ಮೂರನೇ ಸಾಲಿನಲ್ಲಿ ಕುಳಿತು ಮೊಬೈಲಿನಲ್ಲಿ ಏನನ್ನೋ ನೋಡುತ್ತಿರುವವರೇ ಅವರು. ಏಳಬೇಡಿ ಅಮ್ಮ, ಕುಳಿತುಕೊಳ್ಳಿ. ಇವರು ತುಮಕೂರಿನ ಹುಡುಗಿ. ಮೊದಲ ದಿನವೇ ನಮ್ಮ ಕಚೇರಿಯ ಹಳೆಯ ಯುಪಿಎಸ್ ನೋಡಿ, 'ಇದು ಮ್ಯೂಸಿಯಮ್ಮಿಗೆ ಹೋಗಬೇಕಿತ್ತಲ್ವಾ ಸರ್' ಎಂದರು. ಆಗಲೇ ಅವರ ಮೇಲೆ ನನಗೆ ಗೌರವ ಹುಟ್ಟಿತು.

ಒಂದು ವಾರದಲ್ಲಿ ದಾರಿ ಸಿಕ್ಕಿತು. ಪರದೆಯ ಮೇಲೆ ಒಂದು ಕೆಂಪು ಗೆರೆ. ಎಷ್ಟು ಸಲೀಸಾದ ಗೆರೆ! ತೆಂಗಿನ ತೋಟಗಳನ್ನೆಲ್ಲ ತಪ್ಪಿಸಿಕೊಂಡು, ಕೆರೆಯ ಏರಿಯನ್ನು ಬಳಸಿಕೊಂಡು, ಚೇಳೂರಿನ ಆಚೆಯ ಗೋಮಾಳದ ಮೇಲೆ ನೆಟ್ಟಗೆ ಹೋಗಿತ್ತು. ಅನಂತಕೃಷ್ಣ ಅವರಿಗೂ ಸಂತೋಷವಾಯಿತು. ಖರ್ಚು ಕಡಿಮೆ, ಜಗಳ ಇಲ್ಲ. ಬೇರೇನು ಬೇಕು?

ನನಗೆ ಮಾತ್ರ ಆ ಗೋಮಾಳ ಗೊತ್ತಿತ್ತು. ಏಕೆಂದರೆ ನಾನು ಬೆಳೆದದ್ದು ಅಲ್ಲಿಯೇ. ಅದರ ಅಂಚಿನಲ್ಲಿ ಬುಟ್ಟಿ ಹೆಣೆಯುವವರ ಮನೆಗಳಿವೆ. ಮೂರು ತಲೆಮಾರಿನಿಂದ ಇದ್ದಾರೆ. ಲೈನು ಅವುಗಳ ಮೇಲೆ ಹಾದರೆ ಮನೆಗಳು ಏಳಬೇಕು. ನಾನು ಸಿಂಚನಾ ಅವರನ್ನು ಕೇಳಿದೆ, 'ನಿಮ್ಮ ಯಂತ್ರಕ್ಕೆ ಈ ಮನೆಗಳು ಕಾಣಲಿಲ್ಲವೇನಮ್ಮ?'

ಅವರು ನೋಡಿದರು, ತುಂಬಾ ಹೊತ್ತು ನೋಡಿದರು. ಆಮೇಲೆ ಹೇಳಿದರು. 'ಕಂಡಿದೆ ಸರ್. ಚಾವಣಿ ಅಂತ ಗುರುತು ಕೂಡ ಮಾಡಿದೆ. ಆದ್ರೆ ಖಾತೆ ಇಲ್ಲ, ಹಕ್ಕುಪತ್ರ ಇಲ್ಲ. ಹಾಗಾಗಿ ಪರಿಹಾರ ಕೊಡೋ ಹಾಗಿಲ್ಲ. ನಾವು ಕಡಿಮೆ ಖರ್ಚಿನ ದಾರಿ ಹುಡುಕು ಅಂದ್ವಿ. ಅದು ಹುಡುಕ್ತು. ಅದರ ತಪ್ಪಿಲ್ಲ ಸರ್.'

ಮಿತ್ರರೇ, ಯಂತ್ರಕ್ಕೆ ದುರಾಸೆ ಇತ್ತೇ? ಇಲ್ಲ. ಬಡವರ ಮೇಲೆ ದ್ವೇಷ ಇತ್ತೇ? ಅದೂ ಇಲ್ಲ. ನಾವು ಕೇಳಿದ ಪ್ರಶ್ನೆಗೆ ಅದು ಉತ್ತರ ಕೊಟ್ಟಿತು. ಹಾಗಿದ್ದಮೇಲೆ ಪ್ರಶ್ನೆ ಕೇಳುವ ಹಕ್ಕು ಯಾರದ್ದು? ನಾಲ್ಕು ಗೋಡೆಯೊಳಗೆ ಕುಳಿತ ನನ್ನದೋ, ಲೈನಿನ ಕೆಳಗೆ ಬದುಕುವವರದೋ? ನಾನು ಅಂದೇ ನಿಶ್ಚಯ ಮಾಡಿದೆ. ಆ ಕೆಂಪು ಗೆರೆಯನ್ನು ಚೇಳೂರಿಗೆ ತೆಗೆದುಕೊಂಡು ಹೋಗಿ ಜನರ ಮುಂದೆ ಇಡಬೇಕು. ಯಂತ್ರಕ್ಕೆ ಏನು ಷರತ್ತು ಹಾಕಬೇಕೆಂದು ಅವರನ್ನೇ ಕೇಳಬೇಕು.

ಅನಂತಕೃಷ್ಣ ಅವರು ಅಂದು ಏನು ಹೇಳಿದರು ಎಂದು ಅವರ ಎದುರಿಗೇ ಹೇಳುತ್ತೇನೆ, ಅವರು ನಗುತ್ತಿದ್ದಾರೆ. 'ನಾಗೇಶ್, ಹಾಗೆ ಕೇಳಬೇಕು ಅಂತ ಯಾವ ನಿಯಮದಲ್ಲಿದೆ? ಕೇಳೋಕೆ ಹೋದ್ರೆ ಲೈನು ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತೆ.' ನಾನು ಹೇಳಿದೆ, 'ಕೇಳಬಾರದು ಅಂತಲೂ ಇಲ್ಲವಲ್ಲ ಸರ್.' ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕ ಒರೆಸಿಕೊಂಡರೆ ಅರ್ಧ ಒಪ್ಪಿಗೆ ಎಂದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತು.

ಚೇಳೂರಿನ ಸಮುದಾಯ ಭವನದಲ್ಲಿ ಸಭೆ ಸೇರಿತು. ಬುಟ್ಟಿ ಹೆಣೆಯುವವರ ಕಡೆಯಿಂದ ಕದರಯ್ಯ ಬಂದಿದ್ದರು. ಸಿಂಚನಾ ಪರದೆ ಹಾಕಿ ತೋರಿಸಿದರು. ಮನೆಗಳ ಮೇಲೆ ಹೋಗಬಾರದು, ಖಾತೆ ಇರಲಿ ಇಲ್ಲದಿರಲಿ ಎಂದು ಜನ ಹೇಳಿದರು. ಶಾಲೆಯ ಮೇಲೆ ಬೇಡ, ಕೊಕ್ಕರೆಗಳು ಇಳಿಯುವ ಕೆರೆಯ ಅಂಗಳದ ಮೇಲೆ ಬೇಡ ಎಂದರು. ನಮಗೆ ಆಶ್ಚರ್ಯವಾಗುವಂತೆ, ಖರ್ಚು ಹೆಚ್ಚಾದರೂ ಚಿಂತೆಯಿಲ್ಲ ಎಂದರು. ಖರ್ಚು ಅವರದಲ್ಲವಲ್ಲ! ಕದರಯ್ಯ ಎದ್ದು ನಿಂತು ಹೇಳಿದ್ದು ಇಷ್ಟೇ. 'ಸ್ವಾಮಿ, ನಮ್ಮನ್ನ ಲೆಕ್ಕುಕ್ಕೆ ತಗಂಡ್ರಲ್ಲ, ಅಷ್ಟು ಸಾಕು. ಈಗ ಗೆರೆ ಎಳೀರಿ.'

ಸಿಂಚನಾ ಆ ಷರತ್ತುಗಳನ್ನೆಲ್ಲ ಹಾಕಿ ಹೊಸ ಗೆರೆ ಎಳೆಸಿದರು. ಅವತ್ತು ನಾನು ಅವರ ಕುರ್ಚಿಯ ಹಿಂದೆ ನಿಂತಿದ್ದೆ. ಗೆರೆ ಗೋಮಾಳ ಬಿಟ್ಟು ಪೂರ್ವಕ್ಕೆ ಬಾಗಿತು. ಶಾಲೆ ಬಿಟ್ಟಿತು. ಕೆರೆ ಬಿಟ್ಟಿತು. ನಾಲ್ಕಾರು ತೋಟಗಳ ಮೇಲೆ ಹಾಯ್ದು ದಕ್ಷಿಣಕ್ಕೆ ತಿರುಗಿತು. ಅದರಲ್ಲಿ ಒಂದು ತೋಟದ ಬಾವಿಯ ಆಕಾರ ನೋಡಿದೊಡನೆ ನನಗೆ ಗುರುತು ಸಿಕ್ಕಿತು. ಆ ಬಾವಿಯಲ್ಲಿ ನಾನು ಈಜು ಕಲಿತಿದ್ದೇನೆ.

ಅದು ನನ್ನ ಅಕ್ಕ ಹೊಂಬಾಳಮ್ಮನ ತೋಟ.

ನಮ್ಮ ತಾಯಿ ತೀರಿಕೊಂಡಾಗ ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಅಕ್ಕನಿಗೆ ಆಗಷ್ಟೇ ಮದುವೆಯಾಗಿತ್ತು. ಗಂಡನ ಮನೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದಳು. ನಮ್ಮ ಭಾವ ಕಾಂತೇಶ್ ಬೇಡವೆನ್ನಲಿಲ್ಲ. ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಪರೀಕ್ಷೆಗೆ ಗುಬ್ಬಿಯವರೆಗೆ ತುಳಿದವರು ಅವರು. ದಾರಿಯುದ್ದಕ್ಕೂ ಮಗ್ಗಿ ಕೇಳುತ್ತಿದ್ದರು. ಹದಿನೇಳರ ಮಗ್ಗಿ ಅವರಿಗೂ ಬರುತ್ತಿರಲಿಲ್ಲ, ಹಾಗಾಗಿ ಅದನ್ನು ಬಿಟ್ಟು ಹದಿನೆಂಟಕ್ಕೆ ಹೋಗುತ್ತಿದ್ದರು. ಇಂದಿಗೂ ನನಗೆ ಹದಿನೇಳು ಬರುವುದಿಲ್ಲ.

ಅವರು ಈಗಿಲ್ಲ. ರಾತ್ರಿ ಸರದಿಯಲ್ಲಿ ತ್ರೀ ಫೇಸ್ ಬಂತೆಂದು ಮೋಟರು ಹಾಕಲು ಹೋದವರು ಹಾವು ಕಚ್ಚಿ ಹೋದರು. ಆಗ ನಾನು ಬೇರೆ ಜಿಲ್ಲೆಯಲ್ಲಿದ್ದೆ. ಆ ಊರಿಗೆ ಕರೆಂಟು ಬಿಡುವ ಸರದಿ ನನ್ನ ಕೈಯಲ್ಲಿರಲಿಲ್ಲ. ಮಣ್ಣಿಗೆ ಬಂದವರೆಲ್ಲ ನನ್ನ ಮುಖ ನೋಡುತ್ತಿದ್ದರು. ಆ ಸರದಿ ನಿಜವಾಗಿಯೂ ನನ್ನ ಕೈಯಲ್ಲಿರಲಿಲ್ಲ. ಇರಲಿ, ಆ ವಿಷಯ ಬೇಡ.

ಎಲ್ಲಿದ್ದೆ? ಗೆರೆ. ಸಿಂಚನಾಗೆ ವಿಷಯ ತಿಳಿದು, 'ಸರ್, ಈ ಟವರನ್ನು ಸ್ವಲ್ಪ ಪಶ್ಚಿಮಕ್ಕೆ ಸರಿಸಿದ್ರೂ ಎಲ್ಲಾ ಷರತ್ತೂ ಉಳಿಯುತ್ತೆ. ಪಕ್ಕದ ತೋಟಕ್ಕೆ ಹೋಗುತ್ತೆ ಅಷ್ಟೇ' ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನು ಮರುದಿನ ಬೆಂಗಳೂರಿಗೆ ಹೋಗಿ ಅನಂತಕೃಷ್ಣ ಅವರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರೂ ಅದನ್ನೇ ಅಂದರು. 'ಸರಿಸಿಬಿಡಿ ನಾಗೇಶ್. ಯಾರು ಕೇಳ್ತಾರೆ?'

'ಪಕ್ಕದ ತೋಟದವರಿಗೆ ಎಂಜಿನಿಯರ್ ತಮ್ಮ ಇಲ್ಲ, ಅಷ್ಟೇ ಅಲ್ಲವೇ ಸರ್ ವ್ಯತ್ಯಾಸ?' ಎಂದೆ. 'ಈ ಭಾಗದ ತೀರ್ಮಾನ ನೀವು ಮಾಡಿ. ನಾನು ಸಹಿ ಹಾಕುವುದಿಲ್ಲ. ಆದರೆ ಏನೇ ಮಾಡಿದರೂ ಚೇಳೂರಿಗೆ ಬಂದು ಜನರ ಮುಂದೆ ಹೇಳಿ ಮಾಡಿ.'

ಬಂದರು. ಆ ಗೌರವ ಅವರಿಗೆ ಸಲ್ಲಬೇಕು. ಎರಡನೇ ಸಭೆಗೆ ಅವರೇ ಅಧ್ಯಕ್ಷರು. ನಾನು ವೇದಿಕೆಯ ಕೊನೆಯ ಕುರ್ಚಿಯಲ್ಲಿ. ಹೊಸ ಗೆರೆ ಯಾರ ಯಾರ ತೋಟದ ಮೇಲೆ ಹೋಗುತ್ತದೆ ಎಂದು ಸಿಂಚನಾ ಓದಿದರು. ನಾನು ಎದ್ದು, ಇದರಲ್ಲಿ ಹೊಂಬಾಳಮ್ಮ ಎನ್ನುವವರು ನನ್ನ ಅಕ್ಕ, ಆದ್ದರಿಂದ ನಾನು ಈ ತೀರ್ಮಾನದಲ್ಲಿ ಇಲ್ಲ ಎಂದು ಹೇಳಿ ಕುಳಿತೆ.

ಅಕ್ಕ ಹೆಂಗಸರ ಸಾಲಿನಿಂದ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೈಕು ಕೊಡಲು ಹೋದರೆ ಬೇಡವೆಂದಳು. ಅವಳಿಗೆ ಯಾವತ್ತೂ ಮೈಕಿನ ಅಗತ್ಯ ಬಿದ್ದಿಲ್ಲ.

'ಮ್ಯಾಲೆ ಕುಂತವ್ನಲ್ಲ, ಅವ್ನು ನನ್ನ ತಮ್ಮ. ನಾನೇ ಸಾಕಿದ್ದು. ಅಕ್ಕ ಅಂತ ನಾನೇನೂ ಕೇಳಾಕೆ ಬಂದಿಲ್ಲ. ಜಮೀನು ನಂದು, ಅದ್ಕೆ ಕೇಳ್ತೀನಿ. ಆ ಮಿಷಿನ್ನು ಯಾರ ಮಾತು ಕೇಳ್ತದೆ?'

ಸಿಂಚನಾ ಎದ್ದು, 'ನೀವೆಲ್ಲ ಹೇಳಿದ ಷರತ್ತು ಕೇಳುತ್ತೆ ಅಮ್ಮ' ಎಂದರು.

'ಹಂಗಾದ್ರೆ ನಂದೂ ಒಂದು ಷರತ್ತು ಐತೆ, ಬರ್ಕಳಿ. ಬುಟ್ಟಿ ಹೆಣೆಯೋರ್ ಮನೆ ಉಳೀಲಿ, ನಾನು ಬ್ಯಾಡ ಅನ್ನಾಕಿಲ್ಲ. ನಮ್ಮ ಮರ ಹೋಗ್ಲಿ. ಆದ್ರೆ ನಮ್ಮ ತಲೆ ಮ್ಯಾಲೆ ಹಗಲೊತ್ತು ಬಿಸಿಲ್ ಕರೆಂಟು ದೊರೆ ಹಂಗೆ ಹೋಯ್ತಾ ಇರ್ತದೆ. ನಾವು ಮಾತ್ರ ರಾತ್ರಿ ಹೊತ್ತು ಬ್ಯಾಟ್ರಿ ಹಿಡ್ಕಂಡು ಮೋಟ್ರು ಹಾಕಾಕೆ ಹೋಗ್ಬೇಕಾ? ನಮ್ಮೆಜಮಾನ್ರು ಹಂಗೇ ಹೋದ್ರು. ನಮ್ಗೂ ಹಗಲು ಕರೆಂಟು ಕೊಡ್ರಿ. ಇಲ್ಲ ಅಂದ್ರೆ ಒಂದು ಮರಾನೂ ಮುಟ್ಟಾಕೆ ಬುಡಾಕಿಲ್ಲ. ತಮ್ಮ ಅನ್ನೋದೂ ನೋಡಾಕಿಲ್ಲ, ತಿಳ್ಕೊ ನಾಗೇಶ.'

ಕದರಯ್ಯ ಎದ್ದು ಅಕ್ಕನ ಪಕ್ಕದಲ್ಲಿ ನಿಂತರು. ಆಮೇಲೆ ಪಕ್ಕದ ತೋಟದವರು. ನೋಡನೋಡುತ್ತಿದ್ದಂತೆ ಇಡೀ ಭವನ ಎದ್ದು ನಿಂತಿತು. ಕುಳಿತಿದ್ದವರು ವೇದಿಕೆಯ ಮೇಲಿನ ನಾವು ಮಾತ್ರ.

ಹಗಲು ಕರೆಂಟು ಕೇಳುವುದು ಸುಲಭ, ಕೊಡಿಸುವುದು ಸುಲಭವಿರಲಿಲ್ಲ. ಒಂದು ಊರಿಗೆ ಕೊಟ್ಟರೆ ಇಡೀ ಜಿಲ್ಲೆ ಕೇಳುತ್ತದೆ ಎಂದರು. ಕೇಳಲಿ ಎಂದೆ. ಹಗಲಿನ ಕರೆಂಟು ಕಾರ್ಖಾನೆಗಳಿಗೆ, ಪಟ್ಟಣಗಳಿಗೆ ಎಂದರು. ಆಗ ಸಿಂಚನಾ ಒಂದು ಕೆಲಸ ಮಾಡಿದರು. ನಾಳೆ ಎಷ್ಟು ಬಿಸಿಲು, ಎಷ್ಟು ಮೋಡ, ಎಷ್ಟು ಬೇಡಿಕೆ ಎಂದು ಮುಂಚೆಯೇ ಅಂದಾಜು ಮಾಡುವ ಇನ್ನೊಂದು ಪ್ರೋಗ್ರಾಂ ನಮ್ಮಲ್ಲಿಯೇ ಇತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಸೋಲಾರ್ ಕರೆಂಟು ಮಿಕ್ಕಿಹೋಗುತ್ತದೆ, ತೆಗೆದುಕೊಳ್ಳುವವರಿಲ್ಲದೆ ನಾವೇ ಉತ್ಪಾದನೆ ಇಳಿಸಲು ಹೇಳುತ್ತೇವೆ ಎಂದು ಅದರಿಂದ ತೋರಿಸಿದರು. ಮಿಕ್ಕದ್ದನ್ನು ಆ ಹೊತ್ತಿಗೆ ಸರಿಯಾಗಿ ಊರಿನ ಪಂಪ್‌ಸೆಟ್ಟುಗಳಿಗೆ ಕರೆಂಟು ಒಯ್ಯುವ ಫೀಡರು ಲೈನುಗಳಿಗೆ ತಿರುಗಿಸಬಹುದಲ್ಲ? ರಾತ್ರಿ ಕಲ್ಲಿದ್ದಲು ಸುಟ್ಟು ಕೊಡುವ ಕರೆಂಟು ಉಳಿಯುತ್ತದಲ್ಲ? ಹೊಗೆ ಕಡಿಮೆ ಮಾಡುವುದೇ ನಮ್ಮ ನೀತಿ ಎಂದು ಗೋಡೆಗೆಲ್ಲ ಬರೆಸಿದ್ದೇವಲ್ಲ?

ಪ್ರಸ್ತಾವ ಕಳಿಸಿದೆ. ವಾಪಸ್ಸು ಬಂತು. ಮತ್ತೆ ಕಳಿಸಿದೆ. ಮತ್ತೆ ಬಂತು. ಕೊನೆಗೆ ನಾನು ಹೇಳಿದೆ, ಚೇಳೂರಿಗೆ ಹಗಲು ಕರೆಂಟಿನ ಆದೇಶ ಬರುವವರೆಗೆ ಲೈನಿನ ಕೆಲಸ ಶುರುಮಾಡಲು ನನ್ನ ಕಚೇರಿಯಿಂದ ಒಪ್ಪಿಗೆ ಹೋಗುವುದಿಲ್ಲ. ಹಾಗೆ ತಡೆಯುವ ಅಧಿಕಾರ ನನಗಿತ್ತೇ? ನನಗೆ ಇವತ್ತಿಗೂ ಗೊತ್ತಿಲ್ಲ. ಪುಣ್ಯಕ್ಕೆ ಯಾರೂ ನಿಯಮದ ಪುಸ್ತಕ ತೆಗೆಯಲಿಲ್ಲ. ಬೀದರಿಗೆ ವರ್ಗ ಮಾಡುತ್ತೇವೆ ಎಂಬ ಮಾತು ಮಾತ್ರ ಬಂತು. ಬೀದರಿನಲ್ಲೂ ಪಂಪ್‌ಸೆಟ್ಟುಗಳಿವೆಯಲ್ಲ ಸರ್ ಎಂದೆ. ಅನಂತಕೃಷ್ಣ ಅವರು ಮತ್ತೆ ಕನ್ನಡಕ ತೆಗೆದರು.

ಆದೇಶ ಬಂತು. ಪ್ರಯೋಗಕ್ಕೆಂದು ಒಂದೇ ವರ್ಷ, ಎರಡೇ ಫೀಡರು. ಒಂದು ಚೇಳೂರಿನದು, ಇನ್ನೊಂದು ಹುತ್ರಿದುರ್ಗದ ಬೆಟ್ಟದ ಕೆಳಗಿನ ಊರುಗಳದು.

ಆಮೇಲೆ ಮರ ಕಡಿದರು. ಅಂದು ನಾನು ಹೋಗಲೇಬೇಕೆಂದೇನೂ ಇರಲಿಲ್ಲ. ಹೋದೆ. ಅಕ್ಕ ಮೊದಲು ಕಾಯಿ ಕೀಳಿಸಿದಳು. ಎಳನೀರು ಬೇರೆ, ಬಲಿತ ಕಾಯಿ ಬೇರೆ ರಾಶಿ ಹಾಕಿಸಿದಳು. ಮರ ಕಡಿಯಲು ಬಂದವರಿಗೆಲ್ಲ ಎಳನೀರು ಕೊಟ್ಟಳು. ನನಗೆ ಕೊಡಲಿಲ್ಲ. ಯಂತ್ರದ ಗರಗಸ ಶುರುವಾದಾಗ ನನ್ನ ಹತ್ತಿರ ಬಂದು, 'ಇಲ್ಲೇ ನಿಂತ್ಕಂಡು ನೋಡು. ಮಕ ಆ ಕಡೆ ತಿರುಗಿಸ್ಬ್ಯಾಡ. ಮುಗುದ್ ಮ್ಯಾಲೆ ಹಂಗೇ ಹೊಂಟೋಗು, ಮನೇಗ್ ಬರ್ಬ್ಯಾಡ' ಎಂದಳು.

ನಿಂತು ನೋಡಿದೆ. ಭಾವ ನೆಟ್ಟ ಮರಗಳು. ಅವು ಬೀಳುವಾಗ ನೆಲ ಅದುರುತ್ತದೆ, ಕಾಲಿನಿಂದ ಎದೆಯವರೆಗೆ ಗೊತ್ತಾಗುತ್ತದೆ. ಎಲ್ಲ ಮುಗಿದ ಮೇಲೆ ತೋಟದ ನಡುವೆ ಅಷ್ಟೊಂದು ಬಿಸಿಲು ಬಿದ್ದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಪರಿಸರ ಉಳಿಸಲು ಮರ ಕಡಿದೆವು, ಸಭಿಕರೇ. ಇದನ್ನು ಮೆತ್ತಗೆ ಹೇಳುವ ದಾರಿ ನನಗೆ ಗೊತ್ತಿಲ್ಲ. ಮನೆಗೆ ಹೋಗಲಿಲ್ಲ. ಗುಬ್ಬಿಯಲ್ಲಿ ಒಂದು ಹೋಟೆಲಿನ ಮುಂದೆ ಜೀಪು ನಿಲ್ಲಿಸಿ ಕಾಫಿ ತರಿಸಿಕೊಂಡೆ, ಕುಡಿಯಲಾಗಲಿಲ್ಲ.

ಲೈನು ಮುಗಿಯಿತು. ಹಗಲು ಕರೆಂಟು ಶುರುವಾಯಿತು. ಎಲ್ಲ ಸುಸೂತ್ರವಾಗಿ ನಡೆಯಿತು ಎಂದರೆ ನೀವು ನಂಬಬೇಡಿ. ಎರಡನೇ ವಾರವೇ, ನಿರೀಕ್ಷೆಯಿಲ್ಲದ ಮೋಡ ಕವಿದು, ಪ್ರೋಗ್ರಾಂ ತಾನೇ ನಿರ್ಧರಿಸಿ ಬೆಳಿಗ್ಗೆ ಹತ್ತೂವರೆಗೆ ಚೇಳೂರಿನ ಫೀಡರು ನಿಲ್ಲಿಸಿಬಿಟ್ಟಿತು. ನೀರು ಅರ್ಧ ಹಾಯ್ದಿತ್ತು. ಜನ ಟೆಂಪೋ ಮಾಡಿಕೊಂಡು ನನ್ನ ಕಚೇರಿಗೆ ಬಂದರು. ಮುಂದೆ ಕದರಯ್ಯ. ಅವರಿಗೆ ತೋಟವಿಲ್ಲ, ಪಂಪ್‌ಸೆಟ್ಟಿಲ್ಲ. ಆದರೂ ಮುಂದೆ ಅವರೇ. 'ಹಿಂಗೆ ಅರ್ಧಕ್ಕೆ ಕೈ ಬುಟ್ರೆ ಹೆಂಗೆ ಸ್ವಾಮಿ?' ಎಂದು ಕೇಳಿದರು.

ಅಂದು ಸಂಜೆ ಸಿಂಚನಾ, ನಾನು, ಲೈನ್‌ಮನ್ನುಗಳು ಕುಳಿತು ಒಂದು ನಿಯಮ ಮಾಡಿದೆವು. ನಾಳೆ ಯಾವ ಹೊತ್ತಿಗೆ ಕರೆಂಟು ಎಂದು ಯಂತ್ರ ಅಂದಾಜು ಹೇಳಲಿ. ಅದನ್ನು ನಮ್ಮ ಎಂಜಿನಿಯರ್ ಒಬ್ಬರು ನೋಡಿ ಒಪ್ಪಲಿ. ಹಿಂದಿನ ಸಂಜೆಯೇ ರೈತರ ಮೊಬೈಲಿಗೆ ಹೋಗಲಿ. ಹೇಳಿದ ಮೇಲೆ ಯಂತ್ರಕ್ಕೆ ನಿಲ್ಲಿಸುವ ಹಕ್ಕಿಲ್ಲ. ಮೋಡ ಬಂದರೆ ಅದು ಇಲಾಖೆಯ ಕಷ್ಟ, ರೈತರ ಕಷ್ಟವಲ್ಲ. ಇಷ್ಟೇ. ನಾನು ಇಷ್ಟು ವರ್ಷ ಮಾಡಿದ ಕೆಲಸದಲ್ಲಿ ನನ್ನದು ಎಂದು ಹೇಳಿಕೊಳ್ಳಬಹುದಾದದ್ದು ಇದೊಂದೇ ನಿಯಮ. ಸನ್ಮಾನ ಪತ್ರದಲ್ಲಿ ಬರೆಯುವುದಾದರೆ ಇದನ್ನು ಬರೆಯಿರಿ.

ರೈತರೂ ಸುಮ್ಮನೆ ಕೂರಲಿಲ್ಲ. ಹಗಲು ಕರೆಂಟು ಇದೆ ಎಂದು ದಿನವಿಡೀ ಮೋಟರು ಬಿಟ್ಟರೆ ಬೋರ್‌ವೆಲ್ಲುಗಳು ಬತ್ತುತ್ತವೆ ಎಂದು ಅವರೇ ಕೂತು ಮಾತಾಡಿ, ಆರು ಗಂಟೆಗಿಂತ ಹೆಚ್ಚು ಬೇಡ ಎಂದು ಬಂದು ಹೇಳಿದರು. ಕರೆಂಟು ಬೇಡ ಎಂದು ಕೇಳಿಕೊಂಡು ಬಂದವರನ್ನು ನನ್ನ ಸರ್ವೀಸಿನಲ್ಲಿ ನಾನು ಕಂಡದ್ದು ಅದೊಂದೇ ಸಲ.

ಈ ನಡುವೆ ಅಕ್ಕ ನನ್ನೊಡನೆ ಮಾತಾಡಿರಲಿಲ್ಲ. ಯುಗಾದಿಗೆ ಹೋದೆ, ಬಾಗಿಲು ತೆಗೆಯಲಿಲ್ಲ. ಗೌರಿಹಬ್ಬಕ್ಕೆ ಬಾಗಿನ ಕಳಿಸಿದೆ, ತೆಗೆದುಕೊಂಡಳು, ಮಾತು ಕಳಿಸಲಿಲ್ಲ. ಒಂದು ದಿನ ಮಧ್ಯಾಹ್ನ, ನಾನು ಕುಣಿಗಲ್ಲಿನಲ್ಲಿ ಸಭೆಯಲ್ಲಿದ್ದಾಗ ಅವಳ ಫೋನು ಬಂತು. ಸಭೆಯಲ್ಲಿದ್ದೇನೆ ಎನ್ನಲಿಲ್ಲ. ಎದ್ದು ಹೊರಗೆ ಹೋದೆ.

'ಏನ್ಲಾ, ಮೋಟ್ರು ಸದ್ದು ಕೇಳ್ತದಾ?' ಎಂದಳು. ಕೇಳುತ್ತಿತ್ತು. ನೀರು ತೊಟ್ಟಿಗೆ ಬೀಳುವ ಸದ್ದೂ ಕೇಳುತ್ತಿತ್ತು. 'ಬಿಸಿಲು ಚುರುಗುಟ್ತಾ ಐತೆ. ಮರ ಹೋದ್ ಜಾಗ್ದಲ್ಲಿ ತೊಗರಿ ಹಾಕಿದೀನಿ. ಲೈನ್ ಕೆಳ್ಗೆ ಗಿಡ್ಡ ಬೆಳೆ ಆಯ್ತದಂತೆ. ನಮ್ಮೆಜಮಾನ್ರು ಇದ್ದಿದ್ರೆ...' ಅಷ್ಟಕ್ಕೆ ನಿಲ್ಲಿಸಿದಳು. ಸ್ವಲ್ಪ ಹೊತ್ತು ಇಬ್ಬರೂ ಆ ನೀರಿನ ಸದ್ದು ಕೇಳಿಸಿಕೊಂಡೆವು. 'ಊಟಕ್ಕೆ ಕರೀತಾ ಇಲ್ಲ ಕಣೋ. ಸುಮ್ಕೆ ಯೋಳ್ದೆ' ಎಂದು ಫೋನು ಇಟ್ಟಳು. ನಾನು ಆ ಸಭೆಗೆ ವಾಪಸ್ಸು ಹೋಗಲು ಸ್ವಲ್ಪ ತಡವಾಯಿತು. ಮುಖ ತೊಳೆದುಕೊಂಡು ಹೋಗಬೇಕಾಯಿತು.

ಕ್ಷಮಿಸಿ. ನೀರು ಕುಡಿಯುತ್ತೇನೆ.

ಇನ್ನು ಮುಖ್ಯ ವಿಷಯ. ಆ ಒಂದು ವರ್ಷ ಈ ತಿಂಗಳಿಗೆ ಮುಗಿಯುತ್ತದೆ. ಈಗ ಆ ಹಗಲಿನ ಕರೆಂಟನ್ನು ಕೇಳಲು ಇನ್ನೊಬ್ಬರು ಬಂದಿದ್ದಾರೆ. ಕೃತಕ ಬುದ್ಧಿಮತ್ತೆಯ ಕಂಪ್ಯೂಟರುಗಳನ್ನೇ ಸಾವಿರಗಟ್ಟಲೆ ಇಡುವ ದೊಡ್ಡ ಕೇಂದ್ರವೊಂದು ಬರುತ್ತದಂತೆ. ಅವಕ್ಕೂ ಬಿಸಿಲಿನ ಕರೆಂಟೇ ಬೇಕಂತೆ, ಶುದ್ಧವಾದದ್ದು. ಬರಲಿ. ನಾನು ಆ ಯಂತ್ರದ ವಿರೋಧಿಯಲ್ಲ. ಅದು ನಮಗೆ ಮಿಕ್ಕ ಕರೆಂಟು ತೋರಿಸಿಕೊಟ್ಟಿದೆ. ಆದರೆ ಅದು ಉಣ್ಣಲು ಕುಳಿತಾಗ ಚೇಳೂರಿನವರನ್ನು ಪಂಕ್ತಿಯಿಂದ ಎಬ್ಬಿಸುವುದೇ? ಮತ್ತೆ ರಾತ್ರಿ ಸರದಿಗೆ ಕಳಿಸುವುದೇ? ಹುತ್ರಿದುರ್ಗದ ಕೆಳಗಿನ ಹೆಣ್ಣುಮಕ್ಕಳು ಈಗ ತಾವೇ ಹೋಗಿ ಮೋಟರು ಹಾಕಿ ಬರುತ್ತಾರೆ. ಅವರಿಗೆ ಏನು ಹೇಳುತ್ತೀರಿ?

ಬರುವ ಬುಧವಾರ ಗುಬ್ಬಿಯಲ್ಲಿ ಇದರ ತೀರ್ಮಾನಕ್ಕೆ ಸಭೆ ಇದೆ. ಅನಂತಕೃಷ್ಣ ಅವರೇ, ಅಧ್ಯಕ್ಷರು ನೀವೇ ಎಂದು ತಿಳಿಯಿತು. ಇಂದು ನನ್ನನ್ನು ಇಷ್ಟು ಹೊಗಳಿದ್ದೀರಿ, ಬುಧವಾರ ಬೈಯಬೇಕಾಗುತ್ತದೆ, ಸಿದ್ಧರಾಗಿ ಬನ್ನಿ. ಎರಡು ಫೀಡರು ಉಳಿಸಿ ಎಂದು ಕೇಳಲು ನಾವು ಬರುತ್ತಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್, ಮೂರೂ ತಾಲ್ಲೂಕಿಗೆ ಹಗಲು ಕರೆಂಟು ಬೇಕೆಂದು ಕೇಳಲು ಬರುತ್ತೇವೆ. ಸಿಗುವವರೆಗೆ ಬರುತ್ತೇವೆ. ನನಗೀಗ ಕಚೇರಿ ಇಲ್ಲ, ಬೇಕಾದಷ್ಟು ಸಮಯವಿದೆ.

ಈ ಕಾರ್ಯಕ್ರಮಕ್ಕೆ ಅಕ್ಕನನ್ನು ಕರೆಯಲು ನಿನ್ನೆ ಚೇಳೂರಿಗೆ ಹೋಗಿದ್ದೆ. ಬಾಗಿಲು ತೆರೆದಿತ್ತು. ಊಟ ಹಾಕಿದಳು. 'ಸಾಲು ಹೊದ್ದಿಸೋದು ನೋಡಾಕೆ ಅಷ್ಟು ದೂರ ಬರಾಕಿಲ್ಲ ನಾನು' ಎಂದಳು. 'ಬುಧವಾರ ಬತ್ತೀನಿ. ಆದ್ರೆ ಒಂದು ಮಾತು. ಈ ಸಲ ಮ್ಯಾಲೆ ಕುಂತ್ಕಬ್ಯಾಡ. ನನ್ನ ಪಕ್ಕ ಬಂದು ಕುಂತ್ಕ.'

ಆಗಲಿ ಅಕ್ಕ ಎಂದೆ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದಿರಿ. ಇಷ್ಟು ವರ್ಷ ನನ್ನೊಡನೆ ದುಡಿದಿರಿ, ನನ್ನ ಸಿಟ್ಟು ತಡೆದುಕೊಂಡಿರಿ. ನಿಮ್ಮೆಲ್ಲರಿಗೂ ನಾನು ಋಣಿ. ಕೃತಜ್ಞತೆಯ ಮಾತನ್ನು ಇನ್ನೂ ಉದ್ದ ಮಾಡಬಹುದಿತ್ತು, ಆದರೆ ಅದನ್ನು ಬುಧವಾರ ಗುಬ್ಬಿಯಲ್ಲಿ ನಿಮ್ಮನ್ನು ಕಂಡ ಮೇಲೆ ಹೇಳುವುದು ಮೇಲು ಎನಿಸುತ್ತದೆ. ಬೆಳಿಗ್ಗೆ ಹತ್ತಕ್ಕೆ ಸಭೆ. ನಾವು ಕೆಳಗೆ ಮುಂದಿನ ಸಾಲಿನಲ್ಲಿ ಇರುತ್ತೇವೆ, ನಮ್ಮ ಅಕ್ಕ ಮತ್ತು ನಾನು.

ನಮಸ್ಕಾರ.